ಹತ್ತು ಕಂಡಿಕೆಯ ಅನ್ಯಾಯ

ನಮ್ಮ ಮನೆಯಲ್ಲಿ ದಿನಕ್ಕೆ ಹತ್ತಾದರೂ ಅನ್ಯಾಯ ನಡೆಯುತ್ತದೆ. ಹೆಚ್ಚಿನವು ಅಡುಗೆಮನೆಯಲ್ಲೇ.

ಅವ್ವನ ಅನ್ಯಾಯ

ಸಾರಿಗೆ ಉಪ್ಪು ಹೆಚ್ಚಾದರೆ ಅವ್ವ "ಅನ್ಯಾಯ" ಅನ್ನುತ್ತಾಳೆ. ನೆಗಮಂ ಊರಿಗೆ ಹೋಗುವ ಬಸ್ಸು ನಿಲ್ಲದೆ ಹೋದರೂ ಅದೇ ಮಾತು. ಎದುರುಮನೆಯ ಸೊಸೆಯನ್ನು ಹೊಗಳುವಾಗಲೂ, "ಅನ್ಯಾಯಕ್ಕೆ ಚೆಂದ ಇದಾಳೆ."

ಐದನೇ ಕ್ಲಾಸಿಗೆ ನನ್ನ ಓದು ಬಿಡಿಸಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಲು ಕೂರಿಸಿ, ಅಣ್ಣನನ್ನು ಮಾತ್ರ ಸ್ಕೂಲಿಗೆ ಕಳಿಸಿದ ದಿನ ಆ ಮಾತು ಅವಳ ಬಾಯಿಗೆ ಬರಲಿಲ್ಲ. "ಅದು ಅಂಗೇ ಅಮ್ಮಿಣಿ" ಅಂತ ಮುದ್ದಿಗೆ ಕರೆದು ಅಂದಳು.

ಅಂದು ದೋಸೆಯಾದರೂ ಸೀದಿದ್ದರೆ ಆ ಮಾತು ಕೇಳಿಸುತ್ತಿತ್ತು.

ನನ್ನ ಕಾನೂನು

ಈಗ ನನ್ನದೇ ಆರು ಮಗ್ಗ. ತಮಿಳು ಸೀಮೆಯ ನಮ್ಮ ನೇಕಾರರಲ್ಲಿ ಮನೆಮಾತು ಕನ್ನಡ, ಓದುವುದು ತಮಿಳು. ಕನ್ನಡ ಅಕ್ಷರವನ್ನು ನಲವತ್ತರ ಮೇಲೆ ನಾನೇ ಕಲಿತೆ, ಯಾರನ್ನೂ ಕೇಳದೆ. ಪುಸ್ತಕಗಳಲ್ಲಿ ಅನ್ಯಾಯ ತುಂಬ ಭಾರದ ಮಾತು. ಅದನ್ನು ಟೀಗೆ ಸಕ್ಕರೆ ಸಾಲದ್ದಕ್ಕೆ ಖರ್ಚು ಮಾಡುವುದು ಕಂಡು ಸಿಟ್ಟು ಬಂತು. ಚಿಲ್ಲರೆ ವಿಷಯಕ್ಕೆ ಅನ್ಯಾಯ ಅಂದವರು ಹತ್ತು ಕಂಡಿಕೆ ಸುತ್ತಬೇಕೆಂದು ಮಗ್ಗದ ಮನೆಯಲ್ಲಿ ಕಾನೂನು ಮಾಡಿದೆ.

ಹಿರಿಯ ನೇಕಾರರೊಬ್ಬರು ಕೇಳಿದರು, "ಅಳತೆ ಹೇಳಿಬಿಡಮ್ಮಾ. ಎಷ್ಟು ನೊಂದರೆ ಅನ್ನಬಹುದು? ಎರಡು ಮೊಳ?"

ಮರುದಿನದಿಂದ ಎಲ್ಲರೂ ಹುಷಾರಾದರು. "ಅಕ್ಕಾ, ಇವತ್ತಿನ ಟೀ ಬಾಳ ಅದು." "ಕರೆಂಟ್ ಹೋಯ್ತು, ಅದು!" ವಾರದೊಳಗೆ 'ಅದು' ಬೈಗುಳವೇ ಆಯಿತು. "ಅದು ತಗೊಂಡು ಬಾ" ಅನ್ನಲು ನನಗೇ ಹೆದರಿಕೆ.

ಫೋಟೋ

ಒಂದು ಸೀರೆಯ ಅಂಚಿಗೆ ಹೊಸ ವಿನ್ಯಾಸ ಕೂಡಿಸಲು ನಾಲ್ಕು ತಿಂಗಳು ಒದ್ದಾಡಿದ್ದೆ. ಅದನ್ನು ಪ್ರದರ್ಶನಕ್ಕೆ ಒಯ್ಯಲು ಪೀಳಮೇಡಿನಿಂದ ಕಾಲೇಜಿನವರೊಬ್ಬರು ಬಂದರು. ಸೀರೆಯ ಪಕ್ಕ ಮಾಡಿದವರ ಫೋಟೋ, ಹೆಸರು ಇರುತ್ತದಂತೆ. ನಾನು ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ನಿಂತಿದ್ದೆ. ಅವರು ನೇರ ಹೋಗಿ, ನನಗೆ ಊಟದ ಡಬ್ಬಿ ತಂದಿದ್ದ ನನ್ನ ಗಂಡನ ಕೈಹಿಡಿದು ಸೀರೆಯ ಮುಂದೆ ನಿಲ್ಲಿಸಿದರು.

"ಐಯಾ, ಈ ಅಂಚು ನಿಮಗೆ ಹೇಗೆ ಹೊಳೆಯಿತು?"

ಪಾಪ, ನನ್ನ ಗಂಡ ಒಂದು ದಿನವೂ ಮಗ್ಗಕ್ಕೆ ಕೂತವರಲ್ಲ. "ತಾನಾಗೇ ಬಂತು" ಅಂದರು.

ನನ್ನದನ್ನು ನನ್ನದು ಅಂತ ನಾನೇ ಕೇಳಿ ಪಡೆಯಬೇಕೆ? ಆರು ಮಗ್ಗವೂ ನಿಂತವು.

ಮೂಲೆಯಲ್ಲಿ ರಾಟೆಯ ಮುಂದೆ ಕೂತಿದ್ದ ಅವ್ವ ಎದ್ದಳು. ಬಂದವರಿಗೂ ತಿಳಿಯಲೆಂದು ತಮಿಳಿನಲ್ಲೇ ಕೂಗಿದಳು. "ಅನ್ಯಾಯ! ಅಂಚು ಹಾಕಿದ್ದು ನನ್ನ ಮಗಳು. ಅಳಿಯಂದಿರು ತಂದದ್ದು ಡಬ್ಬಿ!"

ಫೋಟೋ ನನ್ನದಾಯಿತು. ಹಿರಿಯ ನೇಕಾರರು ಮೆಲ್ಲಗೆ, "ಅಮ್ಮಾ, ಹತ್ತು ಕಂಡಿಕೆ?" ಅಂದರು.

"ಇದಕ್ಕಿಲ್ಲ" ಅಂದೆ.

"ಯಾಕಿಲ್ಲ? ಐದನೇ ಕ್ಲಾಸಲ್ಲೇ ಅನ್ನಬೇಕಿತ್ತು. ತಡವಾದದ್ದಕ್ಕೆ ಸುತ್ತುತ್ತೀನಿ" ಅಂತ ಅವ್ವ ಮತ್ತೆ ರಾಟೆಗೆ ಕೂತಳು.

ಎಂಟನೆಯದಕ್ಕೆ ಸೊಂಟ ಹಿಡಿದುಕೊಂಡಳು. "ಇದು ಅನ್ಯಾಯ, ಅಮ್ಮಿಣಿ."

"ಇನ್ನೂ ಹತ್ತು!" ಅಂತ ಇಡೀ ಮಗ್ಗದ ಮನೆ ಕೂಗಿತು.