ಚೌಕಾಶಿ ಮಾಡದ ಗಿರಾಕಿ

ಹೇಳಿದ ಬೆಲೆಗೆ ಮರುಮಾತಾಡದೆ ಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ನೋಟು ಖೋಟಾ ಇರಬೇಕು, ಇಲ್ಲವೇ ಆಸಾಮಿ ಯಾವುದಾದರೂ ಇಲಾಖೆಯವನಿರಬೇಕು. ಚಿಂತಾಮಣಿಯ ಪೇಟೆಯಲ್ಲಿ ಇಪ್ಪತ್ತಾರು ವರ್ಷ ಬಟ್ಟೆ ಅಂಗಡಿ ನಡೆಸಿದವನಿಗೆ ಅನುಮಾನವೂ ಬಂಡವಾಳದಲ್ಲೇ ಸೇರಿರುತ್ತದೆ. ಬಟ್ಟೆಯನ್ನು ಹೊಗಳುವವನು ಕೊಳ್ಳುವುದಿಲ್ಲ, ಬೈಯುವವನು ಕೊಂಡೇ ಹೋಗುತ್ತಾನೆ. ಇಷ್ಟು ಗೊತ್ತಿದ್ದರೆ ಹೊಟ್ಟೆಪಾಡು ನಡೆಯುತ್ತದೆ.

ಹೀಗಿರುವಾಗ ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಿರುವ ನನ್ನ ಮಗಳು ಸಿಂಧು, ಜೊತೆಗೆ ‘ಗ್ಲೋಬಲ್ ಬಿಸಿನೆಸ್ ಅಂಡ್ ಕ್ರಾಸ್ ಕಲ್ಚರಲ್ ಮ್ಯಾನೇಜ್‌ಮೆಂಟ್’ ಅಂತ ಒಂದು ಮೈನರ್ ತಗೊಂಡಿದ್ದೇನೆ ಎಂದಳು. “ಅದೇನಮ್ಮ ಅದು?” ಎಂದೆ. “ಮುಖ್ಯ ವಿಷಯದ ಜೊತೆ ಇನ್ನೊಂದು ಚಿಕ್ಕ ವಿಷಯ ಅಪ್ಪ. ಬೇರೆ ಬೇರೆ ಸಂಸ್ಕೃತಿಯವರ ಹತ್ರ ವ್ಯಾಪಾರ ಮಾಡೋದು ಹೇಗೆ ಅಂತ ಹೇಳ್ಕೊಡ್ತಾರೆ.” ನನಗೆ ನಗು ಬಂತು. ಆಂಧ್ರದ ಗಡಿಯ ಕಡೆಯವರ ಹತ್ತಿರ ತೆಲುಗು, ಪಕ್ಕದ ಬೀದಿಯ ಸಾಬರ ಹತ್ತಿರ ಉರ್ದು, ಮಂಚೇನಹಳ್ಳಿಯಿಂದ ಬಂದವರ ಹತ್ತಿರ ಕನ್ನಡ. ಬೆಳಗಿನಿಂದ ಸಂಜೆವರೆಗೆ ನಾನು ಮಾಡುವುದು ಇದನ್ನೇ ಅಲ್ಲವೆ? ಇದಕ್ಕೆ ಫೀಸು ಬೇರೆ! ಕಾಲೇಜಿನವರ ಮೇಲೆ ಅನುಮಾನ ಅಲ್ಲಿಂದಲೇ ಶುರುವಾಯಿತು.

ಆ ಅನುಮಾನ ಮಗಳ ಕಡೆಗೆ ತಿರುಗಿದ್ದು ಆಮೇಲೆ. “ಶನಿವಾರ ನನ್ನ ಕ್ಲಾಸ್‌ಮೇಟ್ ಯೋನಾಸ್ ಬರ್ತಾನೆ, ಜರ್ಮನಿಯವನು. ನಮ್ಮ ಅಂಗಡೀಲಿ ಏನಾದ್ರೂ ತಗೊಳ್ತಾನೆ, ನಾನು ನೋಡಿ ಬರ್ಕೋತೀನಿ. ಪ್ರಾಜೆಕ್ಟು. ನೀನು ದಿನಾ ಮಾಡೋ ಹಾಗೇ ಮಾಡಪ್ಪ” ಎಂದಳು. ಜರ್ಮನಿಯವನು ಚಿಂತಾಮಣಿಗೆ ಬಂದು ಪಂಚೆ ಕೊಳ್ಳುವುದಂತೆ! ಯಾರ ಕಿವಿಗೆ ಹೂವಿಡುತ್ತಾಳೆ? “ಈ ಹುಡುಗನ ವಿಷಯದಲ್ಲಿ ಏನೋ ಇದೆ ಕಣೇ” ಎಂದು ಹೆಂಡತಿಗೆ ಹೇಳಿದೆ. “ನಿಮಗೆ ಹಾಲಿನವನನ್ನು ಕಂಡರೂ ‘ಏನೋ ಇದೆ’” ಎಂದಳು ಅವಳು.

ಶನಿವಾರ ಬೆಳಗ್ಗೆ ಬಾಗಿಲಿಗೆ ತಲೆ ತಗ್ಗಿಸಿಕೊಂಡು ಆ ಹುಡುಗ ಒಳಗೆ ಬಂದ. ಆಗ ಅಂಗಡಿಯಲ್ಲಿ ಇದ್ದದ್ದು ಸಾದಲಿಯ ಅಜ್ಜಿ ಒಬ್ಬರೇ. ಒಂದು ಪಂಚೆಗೆ ಅರ್ಧ ಗಂಟೆ ಜಗ್ಗಾಡಿ ನನ್ನನ್ನು ಮುನ್ನೂರೈವತ್ತಕ್ಕೆ ಇಳಿಸಿದ್ದರು, ದುಡ್ಡು ಮಾತ್ರ ಇನ್ನೂ ಬಿಚ್ಚಿರಲಿಲ್ಲ. ಹುಡುಗ ಅಂಥದ್ದೇ ಇನ್ನೊಂದು ಪಂಚೆ ತೋರಿಸಿದ. ಮೂಲೆಯ ಸ್ಟೂಲಿನ ಮೇಲೆ ಸಿಂಧು ನೋಟ್‌ಬುಕ್ ಬಿಚ್ಚಿದಳು. ಅನುಮಾನದ ಬಿಸಿಯಲ್ಲಿ ನಾನು “ಎಂಟುನೂರು” ಎಂದುಬಿಟ್ಟೆ. ಅವನು ಇನ್ನೂರಕ್ಕೆ ಕೇಳಬೇಕು, ನಾನು ಅಸಲೇ ಬರಲ್ಲ ಎನ್ನಬೇಕು, ಅವನು ಮೆಟ್ಟಿಲಿಳಿಯಬೇಕು, ನಾನು ಕೂಗಿ ಕರೆಯಬೇಕು. ಇದು ಪದ್ಧತಿ. ಅವನು “ಓಕೆ” ಎಂದು ಗಲ್ಲಾದ ಕ್ಯೂಆರ್ ಕೋಡಿಗೆ ಫೋನ್ ಹಿಡಿದ. ನಾನು ತಡೆಯುವಷ್ಟರಲ್ಲಿ ಗಲ್ಲಾಪೆಟ್ಟಿಗೆ ಮೇಲಿನ ಆ ಮಾತಾಡುವ ಡಬ್ಬಿ, ಎಂಟುನೂರು ರೂಪಾಯಿ ಬಂದಿದೆ ಎಂದು ಬೀದಿಗೆಲ್ಲ ಸಾರಿತು.

“ದೇವುಡಾ! ನಂಗೆ ಮುನ್ನೂರೈವತ್ತು, ಆ ಬಿಡ್ಡನಿಗೆ ಎಂಟುನೂರೇನಪ್ಪ?” ಎಂದರು ಅಜ್ಜಿ. ಸಿಂಧು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಮ್ಮಪ್ಪ ಯಾರಿಗೂ ಮೋಸ ಮಾಡಲ್ಲ ಎಂದು ಸ್ಕೂಲಿನ ಕಾಲದಿಂದ ಹೇಳಿಕೊಂಡು ತಿರುಗಿದ ಮಗು ಅದು. ನನಗೆ ನಿಜಕ್ಕೂ ನಾಚಿಕೆಯಾಯಿತು. ದುಡ್ಡು ವಾಪಸ್ ಕೊಡೋಣವೆಂದರೆ ಅದು ಬೋಣಿ, ದಿನದ ಮೊದಲ ವ್ಯಾಪಾರ. ಬೋಣಿಯನ್ನು ಹಿಂದಿರುಗಿಸಿದರೆ ಅವತ್ತು ನೊಣವೂ ಅಂಗಡಿಗೆ ಬರುವುದಿಲ್ಲ ಎಂದು ನಂಬಿದ ಜೀವ ನನ್ನದು. ಹಾಗಾಗಿ ಪಂಚೆಯ ಮೇಲೊಂದು ಟವೆಲ್ ಇಟ್ಟೆ. ಹುಡುಗ ಗಾಬರಿಯಾಗಿ “ನೋ, ನೋ” ಎಂದ. ಓಹೋ, ಈಗ ಚೌಕಾಶಿ ಶುರುಮಾಡಿದ, ಸಾಲದು ಅಂತಿದ್ದಾನೆ ಎಂದುಕೊಂಡು ಒಂದು ಲುಂಗಿ ಇಟ್ಟೆ. “ನೋ!” ಷರಟಿನ ಬಟ್ಟೆ ಇಟ್ಟೆ. “ಪ್ಲೀಸ್, ನೋ!” ಭಲೇ ಗಟ್ಟಿ ಆಸಾಮಿ! ಕೊನೆಗೆ ಒಂದು ಬೆಡ್‌ಶೀಟೂ ಹೋಯಿತು. ಇದೇ ಸಮಯವೆಂದು ಅಜ್ಜಿ ತಮ್ಮ ಪಂಚೆಯನ್ನು ಇನ್ನೂರಕ್ಕೆ ಎತ್ತಿಕೊಂಡು ನಡೆದರು.

ಹುಡುಗನನ್ನು ಬಸ್ಸು ಹತ್ತಿಸಿ ಬಂದ ಮೇಲೆ “ಏನಮ್ಮ ಬರ್ದೆ?” ಎಂದು ಮೆಲ್ಲಗೆ ಕೇಳಿದೆ. ಸಿಂಧು ಓದಿದಳು: “ಎದುರಿನವನು ಚೌಕಾಶಿಯನ್ನೇ ಮಾಡಲಿಲ್ಲ. ವ್ಯಾಪಾರಿ ತಾವೊಬ್ಬರೇ ಚೌಕಾಶಿ ಮಾಡಿ, ತಾವೇ ಸೋತರು. ಕಾರಣ: ಮಗಳು ನೋಡುತ್ತಿದ್ದಳು.” ಓದಿ ಮುಗಿಸಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಕ್ಕಳು. ನನ್ನ ಕಣ್ಣು ಒದ್ದೆಯಾಯಿತು. ಸ್ವಲ್ಪ ಮಗಳಿಗಾಗಿ, ಸ್ವಲ್ಪ ಬೆಡ್‌ಶೀಟಿಗಾಗಿ.

ಬರುವ ಶನಿವಾರ ಯೋನಾಸ್ ಮತ್ತೆ ಬರುತ್ತಾನಂತೆ, ಈ ಸಲ ಐದು ಜನ ಗೆಳೆಯರ ಜೊತೆ. ಇದೂ ಪ್ರಾಜೆಕ್ಟಂತೆ. ಏನೋ ಇದೆ ಎಂದಿದ್ದೆನಲ್ಲ, ನೋಡಿದಿರಾ, ನನ್ನ ಅನುಮಾನ ಎಂದಾದರೂ ಸುಳ್ಳಾಗಿದೆಯೇ? “ಬರ್ಲಿ, ಧಾರಾಳವಾಗಿ ಬರ್ಲಿ. ಆದ್ರೆ ಅವತ್ತು ನೀನು ಮಾತ್ರ ಅಂಗಡಿ ಕಡೆ ಬರ್ಬೇಡ ಕಣಮ್ಮ” ಎಂದು ಮಗಳಿಗೆ ಹೇಳಿದ್ದೇನೆ.