ನನ್ನ ಹಿತ್ತಾಳೆಯನ್ನು ಮೆಚ್ಚಿದ ಚಪ್ಪರದ ಹಕ್ಕಿಗೆ

ಚಾರ್ಟರ್ಸ್ ಟವರ್ಸ್ ಊರಾಚೆಯ ರೈಫಲ್ ಮೈದಾನದಲ್ಲಿ, ಚಹಾ ಶೆಡ್ಡಿನ ಹಿಂದಿನ ಎಲಚಿ ಪೊದೆಯ ಬುಡದಲ್ಲಿ, ಕಡ್ಡಿ ನೆಟ್ಟು ಮದುವೆ ಚಪ್ಪರ ಕಟ್ಟಿಕೊಂಡಿರುವ ಹಕ್ಕಿರಾಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ರೆಕ್ಕೆಪುಕ್ಕಗಳಿಗೆ ಕ್ಷೇಮ ಕೋರುತ್ತಾ, ಶನಿವಾರ ಬಂತೆಂದರೆ ತಮ್ಮ ಅಂಗಳದೆದುರು ಚಾಪೆ ಹಾಸಿ ಬೋರಲು ಮಲಗಿ ಗುರಿಗೆ ಗುಂಡು ಹೊಡೆಯುವ ಡೆಸ್ ಟ್ರಾನ್‌ಬರ್ಗ್ ಎಂಬ ಬಡಪಾಯಿ ಬರೆದುಕೊಳ್ಳುವ ದೂರು.

ನಾನು ಅಂಗಡಿಯ ಕಾಡತೂಸು ಕೊಳ್ಳುವವನಲ್ಲ, ಮನೆಯಲ್ಲೇ ತುಂಬುವವನು. ಮದ್ದು ತುಂಬುವ ಹಿತ್ತಾಳೆ ಚಿಪ್ಪುಗಳೆಲ್ಲ ಒಂದೇ ಕಾರ್ಖಾನೆಯ ಒಂದೇ ಕಂತಿನವಾಗಿರಬೇಕು, ಒಂದೊಂದನ್ನೂ ತೂಗಿ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಬೇಕು, ಒಮ್ಮೆ ನನ್ನ ಬಂದೂಕಿನಲ್ಲೇ ಹಾರಿಸಿ ಅದರ ಹೊಟ್ಟೆಗೆ ಒಗ್ಗಿಸಬೇಕು. ಬುಡದಲ್ಲಿ ಕೂತು ಮದ್ದಿಗೆ ಕಿಡಿ ಮುಟ್ಟಿಸುವ ಪ್ರೈಮರಿನದು ಇನ್ನೊಂದು ರಾಮಾಯಣ. ಹಳದಿ ಬಣ್ಣದ್ದನ್ನು ಹಾಕಿದರೆ ದೂರದ ಗುರಿಯಲ್ಲಿ ಗುಂಡು ಮೇಲೊಂದು ಕೆಳಗೊಂದು. ಬೆಳ್ಳಿ ಬಣ್ಣದ್ದನ್ನು ಹಾಕಿದರೆ ಎಲ್ಲವೂ ಒಂದೇ ಕಡೆ. ಆದ್ದರಿಂದ ನಾನು ಬೆಳ್ಳಿಯವನಾದೆ.

ತಾವೂ ಬೆಳ್ಳಿಯವರೆಂದು ಯಾರಿಗೆ ಗೊತ್ತಿತ್ತು! ನಾನು ಹಾರಿಸಿ, ಬುಡ ಮೇಲಾಗಿಸಿ ಡಬ್ಬಿಗಿಟ್ಟ ಚಿಪ್ಪುಗಳನ್ನು ತಾವು ಶನಿವಾರದಿಂದ ಶನಿವಾರಕ್ಕೆ ಹೊತ್ತೊಯ್ದು ಡಬ್ಬಿ ಬರಿದು ಮಾಡಿದಿರಿ. ಪಕ್ಕದಲ್ಲೇ ಮಲಗಿ ನನ್ನ ಅಂಕ ಬರೆಯುತ್ತಿದ್ದ ಮರ್ಲ್ ಪ್ಯಾಸ್ಕೋ ಎಲ್ಲವನ್ನೂ ಕಂಡಿದ್ದಳಂತೆ. ಹೊಡೆಯುವವನೊಂದಿಗೆ ಮಾತಾಡಬಾರದೆಂಬ ನಿಯಮ ನಮ್ಮದು. "ಬಾಯಿ ಬಿಟ್ಟಿದ್ರೆ ಹೇಳಿಕೊಟ್ಟಳು ಅಂತ ನಿನ್ನ ಅಂಕಾನೇ ಹೊಡೆದು ಹಾಕ್ತಿದ್ರು. ನಿನ್ನ ಒಳ್ಳೇದಕ್ಕೇ ಸುಮ್ನಿದ್ದೆ ಕಣಯ್ಯಾ," ಎಂದಳು. ಟೌನ್ಸ್‌ವಿಲ್ ಕೂಟಕ್ಕೆ ಹೋಗುವ ತಂಡದಲ್ಲಿ ಉಳಿದಿರುವುದು ಒಂದೇ ಜಾಗ, ಅದಕ್ಕೆ ಸೆಣಸುತ್ತಿರುವವರು ಅವಳು ಮತ್ತು ನಾನು ಎಂಬುದನ್ನು ಇಲ್ಲಿ ವಿನಯದಿಂದ ನೆನಪಿಸುತ್ತೇನೆ. ಆ ಜಾಗಕ್ಕಾಗಿ ನಾನು ಬಹಳ ವರ್ಷ ಕಾದಿದ್ದೇನೆ.

ತಮ್ಮ ಆಯ್ಕೆಗೆ ಮಾತ್ರ ತಲೆಬಾಗಿದೆ. ಬೇರೆಯವರು ಬೀಳಿಸಿಹೋದ ಹಳದಿ ಪ್ರೈಮರಿನ ಚಿಪ್ಪುಗಳನ್ನು ತಾವು ಕಸದಂತೆ ಆಚೆ ಎಸೆದಿದ್ದೀರಿ. ಚಿಕ್ಕದರಿಂದ ದೊಡ್ಡದಕ್ಕೆ ಇಟ್ಟ ಬಸವನಹುಳದ ಬಿಳಿ ಚಿಪ್ಪುಗಳ ಸಾಲಿನಲ್ಲಿ, ನನ್ನವನ್ನು ಬೆಳ್ಳಿಬುಡ ಚಪ್ಪರದತ್ತ ಮಾಡಿ ಜೋಡಿಸಿದ್ದೀರಿ. ತಕ್ಕಡಿಯಿಲ್ಲದೆ ಇಷ್ಟು! ತಮಗೆ ಹೆದರಿ ಹಳದಿಗೆ ಬದಲಾಯಿಸಿ ನೋಡಿದೆ. ತಾವು ಮುಟ್ಟಲಿಲ್ಲ ನಿಜ, ಗುಂಡುಗಳೂ ಗುರಿಯ ನಡುವನ್ನು ಮುಟ್ಟಲಿಲ್ಲ.

ನಿನ್ನೆ ಮನಸ್ಸು ಗಟ್ಟಿಮಾಡಿಕೊಂಡು ನನ್ನ ಸ್ವತ್ತನ್ನು ವಾಪಸು ತರಲು ಬಂದೆ. ಚಪ್ಪರದೊಳಗೆ ಹೆಣ್ಣುಹಕ್ಕಿಯೊಬ್ಬಳು ನಿಂತಿದ್ದಳು. ತಾವು ಕತ್ತಿನ ನೇರಳೆ ಗರಿ ಅರಳಿಸಿ, ನನ್ನ ಚಿಪ್ಪೊಂದನ್ನು ಕೊಕ್ಕಿನಲ್ಲಿ ಹಿಡಿದು ಆಡಿಸಿ ತೋರಿಸುತ್ತಿದ್ದಿರಿ. ಆಕೆ ಕತ್ತು ಓರೆಮಾಡಿ ಅದನ್ನೇ ನೋಡುತ್ತಿದ್ದಳು. ನಾನು ಆರಿಸಿದ ಹಿತ್ತಾಳೆಯನ್ನು ಹೆಣ್ಣೊಬ್ಬಳು ಅಷ್ಟು ಆಸ್ಥೆಯಿಂದ ನೋಡಿದ್ದು ಅದೇ ಮೊದಲು. ಹೊಟ್ಟೆಯೂ ಉರಿಯಿತು, ಖುಷಿಯೂ ಆಯಿತು. ಖಾಲಿ ಡಬ್ಬಿ ಹಿಡಿದು ತುದಿಗಾಲಲ್ಲಿ ಹಿಂತಿರುಗಿದೆ. ಮರ್ಲ್ ನಕ್ಕಳು: "ಅದಕ್ಕೆ ಜೋಡಿ ಸಿಕ್ತು, ನಿನಗೆ ತಂಡದಲ್ಲಿ ಜಾಗ ಹೋಯ್ತು."

ಆದುದರಿಂದ ಕೋರಿಕೆಗಳು. ನಾಳಿನ ಆಯ್ಕೆ ಪಂದ್ಯಕ್ಕೆ ತಾವು ಖುದ್ದಾಗಿ ಬಂದು, ನನ್ನ ಚಿಪ್ಪುಗಳು ಎಷ್ಟು ಸಮನಾಗಿದ್ದವೆಂದು ಸಾಕ್ಷಿ ನುಡಿಯಬೇಕು. ಹೊತ್ತೊಯ್ಯಲೇಬೇಕೆಂದರೆ ಹಳದಿಯ ಮೇಲೂ ತುಸು ಕೃಪೆ ತೋರಬೇಕು. ಇನ್ನು ಮುಂದೆ ನನ್ನ ಹೊಸ ಹಿತ್ತಾಳೆಯನ್ನು ತಾವೇ ಆರಿಸಿಕೊಡಬೇಕು. ಸಂಬಳವಾಗಿ ಬಸವನಹುಳ ಹುಡುಕಿ ತರುವ ಹೊಣೆ ನನ್ನದು.

ಇಂತಿ, ಬೆರಕೆ ಹಿತ್ತಾಳೆಯೊಂದಿಗೆ ಕಣಕ್ಕಿಳಿಯಲಿರುವ
ತಮ್ಮ ವಿಶ್ವಾಸಿ,
ಡೆಸ್ ಟ್ರಾನ್‌ಬರ್ಗ್

ತಾಜಾ ಕಲಂ: ಪಂದ್ಯ ಮುಗಿಯಿತು. ಒಂದೇ ಅಂಕದಿಂದ ಜಾಗ ಮರ್ಲ್ ಪಾಲಾಯಿತು. ಕೈಕುಲುಕುವಾಗ ನೋಡಿದೆ, ಅವಳ ಚಿಪ್ಪುಗಳಲ್ಲೂ ಬೆಳ್ಳಿ ಪ್ರೈಮರೇ! ಹಾಗಾದರೆ ಹಕ್ಕಿರಾಯರು ಅವಳದನ್ನು ಏಕೆ ಮುಟ್ಟಲಿಲ್ಲವೆಂದು ಕೇಳಿದೆ. ತನ್ನ ಪೆಟ್ಟಿಗೆಯನ್ನು ಟಪ್ಪೆಂದು ಮುಚ್ಚಿ, "ಮುಚ್ಚಳ ಅಂತ ಒಂದಿರುತ್ತೆ ಕಣಯ್ಯಾ ಡೆಸ್," ಎಂದಳು.