ಕಾಫಿಯ ತಲೆ ಮೇಲೆ ಎರಡು ಚುಕ್ಕೆ

೧೯೮೭ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ, ನಾನು ಓದು ನಿಲ್ಲಿಸಿದೆ. ಅಂದಿನಿಂದ ತುಮಕೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೇನೆ. ಕಾಗುಣಿತದ ಭಯ ಓದಿದವನಿಗಿಂತ ಓದದವನಿಗೇ ಜಾಸ್ತಿ. ಡಿಗ್ರಿ ಮಾಡಿದವನು ತಪ್ಪು ಬರೆದರೆ ಕೈ ಜಾರಿದ್ದು. ನಾನು ಬರೆದರೆ "ಸ್ಕೂಲ್ ಬಿಟ್ಟವ್ನಲ್ವಾ" ಅನ್ನುತ್ತಾರೆ. ಅದಕ್ಕೇ ಪ್ರತಿ ಇಂಗ್ಲಿಷ್ ಹೆಸರನ್ನೂ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ತೋರಿಸಿ, ಅವರು ಹ್ಞೂಂ ಅಂದ ಮೇಲೆಯೇ ಬಣ್ಣ ಮುಟ್ಟುತ್ತೇನೆ. ಬೋರ್ಡಿನ ಕೆಳಮೂಲೆಯಲ್ಲಿ ನನ್ನ ಹೆಸರು ಹಾಕುವ ಧೈರ್ಯ ಬಂದದ್ದೇ ಹಾಗೆ.

ಹೋದ ವರ್ಷ ಗುಬ್ಬಿಯ ಸವಿತಾ ಎಂಬ ಹೆಣ್ಣುಮಗಳು ನಮ್ಮೂರ ಶಿರಾ ಗೇಟಿನಲ್ಲಿ ಕಾಫಿ ಅಂಗಡಿ ತೆರೆಯಲು ಹೊರಟಳು. ಫ್ಲೆಕ್ಸ್ ಬೇಡ, ಕೈಯಲ್ಲೇ ಬರೆಯಬೇಕು ಅಂದಾಗ ಸಂತೋಷಕ್ಕೆ ಕಣ್ಣು ತುಂಬಿತು. ಅವಳು ಕೊಟ್ಟ ಚೀಟಿ ನೋಡಿದ ಮೇಲೆ ಕಣ್ಣುಜ್ಜಿಕೊಂಡೆ. ಇಂಗ್ಲಿಷಿನ ಕಾಫಿಗೆ ಮೊದಲಕ್ಷರ ಸಿ ಬದಲು ಕೆ, ಓ ತಲೆಯ ಮೇಲೆ ಎರಡು ಚುಕ್ಕೆ, ಕೊನೆಯ 'ಈ' ಅಕ್ಷರದ ಮೇಲೊಂದು ಓರೆಗೆರೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಚುಕ್ಕೆ ನೊಣ ಹಾಕಿರೋದು, ಮಿಕ್ಕ ತಪ್ಪು ಆ ಹೆಣ್ಮಗೀದು ಕಣಯ್ಯ" ಅಂದರು. ಮರುದಿನವೇ ಅಂಗಡಿ ಪೂಜೆ. ಪಾಪ, ನಾಲ್ಕು ಜನರ ಮುಂದೆ ನಗೆಪಾಟಲಾಗದಿರಲಿ ಎಂದು ನಾನೇ ತಿದ್ದಿ, ಚೆಂದಾಗಿ ಬರೆದು, ಹೆಸರು ಹಾಕಿ, ಬೆಳಗ್ಗೆ ಬೋರ್ಡು ಏರಿಸಿದೆ.

ಸವಿತಾ ನೋಡಿದಳು. "ಅಣ್ಣ, ಇದ್ಯಾರ್ ಅಂಗ್ಡಿ ಬೋರ್ಡು?"

"ನಿಂದೇ ಕಣವ್ವ. ತಪ್ಪಿತ್ತು, ತಿದ್ದಿದೀನಿ."

"ತಪ್ಪಲ್ಲ ಅಣ್ಣ, ಸ್ಟೈಲು! ಕಪ್ಪು, ಡಬ್ಬ ಎಲ್ಲಾದ್ರ ಮೇಲೂ ಹಂಗೇ ಪ್ರಿಂಟ್ ಆಗೋಗೈತೆ. ಆರು ತಿಂಗ್ಳು ಯೋಚ್ನೆ ಮಾಡಿದ್ ಹೆಸ್ರು..." ಅವಳು ಡಬ್ಬವೊಂದನ್ನು ತಂದು ನನ್ನ ಮುಂದೆ ಹಿಡಿದಳು.

ಪೂಜೆಗೆ ಇನ್ನೊಂದೇ ಗಂಟೆಯಿತ್ತು. ಬಣ್ಣ ಹಸಿಯಾಗಿದ್ದದ್ದು ಪುಣ್ಯ. ಏಣಿ ಹತ್ತಿ ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದೆ. ಇಷ್ಟು ವರ್ಷ ಸರಿ ಬರೆದ ಕೈಯಿಂದಲೇ, ಬೇಕಂತಲೇ, ಸಿ ಇದ್ದಲ್ಲಿ ಕೆ ಬರೆದೆ. ಚುಕ್ಕೆ ಇಟ್ಟೆ, ಗೆರೆ ಎಳೆದೆ. ಆಮೇಲೆ ಅದೇ ಬಟ್ಟೆಯಿಂದ, ಯಾರಿಗೂ ಕಾಣದ ಹಾಗೆ, ಮೂಲೆಯ ನನ್ನ ಹೆಸರನ್ನೂ ಒರೆಸಿದೆ.

"ಯಾಕಣ್ಣ, ಹೆಸ್ರು ಅಳಿಸ್ಬುಟ್ರಿ?" ಕೆಳಗಿನಿಂದ ಸವಿತಾ.

"ನೋಡ್ದೋರು ನಾನು ತಪ್ಪು ಬರ್ದೆ ಅಂತಾರೆ ಕಣವ್ವ."

"ನನ್ನ ನೋಡೂ ನಗ್ತಾರೆ. ನಾನೊಬ್ಳೇ ಅನ್ನಿಸ್ಕೊಳ್ಳೋ ಬದ್ಲು ಇಬ್ರೂ ಅನ್ನಿಸ್ಕೊಳ್ಳೋಣ ಬುಡಿ."

ಬ್ರಷ್ಷನ್ನು ಮತ್ತೆ ಬಣ್ಣಕ್ಕೆ ಅದ್ದಿದೆ. ಹೆಸರನ್ನು ಮತ್ತೆ ಬರೆದೆ, ಮೊದಲಿಗಿಂತ ಒಂಚೂರು ದೊಡ್ಡದಾಗಿಯೇ.

ಆ ಬೋರ್ಡು ನೋಡಿ ಮೇಷ್ಟ್ರು ಹದಿನೈದು ದಿನ ನನ್ನ ಜೊತೆ ಮಾತು ಬಿಟ್ಟರು. ಅಷ್ಟರಲ್ಲಿ ಕುಣಿಗಲ್ಲಿನ ಬಟ್ಟೆ ಅಂಗಡಿಯವರೂ ಕ್ಯಾತ್ಸಂದ್ರದ ಬೇಕರಿಯವರೂ "ಆ ಚುಕ್ಕೆ ನಮ್ಗೂ ಹಾಕ್ಕೊಡಿ" ಎಂದು ಹುಡುಕಿಕೊಂಡು ಬಂದರು. ಈಗ ನನ್ನ ಲೆಕ್ಕಕ್ಕೆ ಏಣಿ ಎರಡು, ಬ್ರಷ್ಷು ಹದಿನೇಳು, ಹೆಸರು ಹಾಕಿ ಬರೆದ ತಪ್ಪು ಬೋರ್ಡು ಮೂರು. ನಾಲ್ಕನೆಯದು ಒಣಗುತ್ತಿದೆ.